ಬಾಗಿಲು ತೆರೆಯದ ಹಾಡು

ಕಾಫಿ ಲೋಟ ಹಿಡಿದುಕೊಂಡು ನಾನು ಚರ್ಚಿನ ಹಾಲ್‌ನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡುತ್ತಿದ್ದೆ. ಭಾನುವಾರದ ಆರಾಧನೆ ಮುಗಿದಿತ್ತು. ಜನ ಎಂದಿನಂತೆ ಹ್ಯಾಮ್ ಬನ್ ತಿನ್ನುತ್ತ, ಮಾರ್ಚ್ ಬಂದರೂ ಕರಗದ ಹಿಮವನ್ನು ಬೈಯುತ್ತ ನಿಂತಿದ್ದರು. ಆ ಬೈಗುಳದಲ್ಲಿ ಅರ್ಧ ಪಾಲು ನನಗೇ ಸಲ್ಲಬೇಕು, ಊರಿನ ರಸ್ತೆಗಳ ಹಿಮ ತಳ್ಳುವ ಟ್ರಕ್ ಓಡಿಸುವವನು ನಾನೇ. "ಏನಪ್ಪಾ ಆರ್ಲನ್, ನಮ್ಮ ಬೀದಿ ಮಿಷಿಗನ್‌ನಲ್ಲಿ ಇಲ್ವಾ?" ಎಂದು ಒಬ್ಬರು ಕೆಣಕಿದರು. ಬೇರೆ ದಿನವಾಗಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಇವತ್ತು ಸುಮ್ಮನೆ ಹಲ್ಲು ಕಿರಿದು ಮುಂದೆ ಹೋದೆ.

ಇನ್ನು ಸ್ವಲ್ಪ ಹೊತ್ತಿಗೆ ನನ್ನ ಮಗಳು ಮಾರಿಟ್ ಸಭೆಯ ಹಿರಿಯರ ಮುಂದೆ ಕೂರಬೇಕಿತ್ತು. ನಮ್ಮಲ್ಲಿ ಹದಿನೇಳು ಹದಿನೆಂಟರ ವಯಸ್ಸಿಗೆ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಬಾಯಿಬಿಟ್ಟು ಹೇಳಬೇಕು. ಹಿರಿಯರು ಒಪ್ಪಿದರೆ ಈಸ್ಟರ್ ದಿನ ಇಡೀ ಸಭೆಯ ಮುಂದೆ ನಿಲ್ಲಿಸುತ್ತಾರೆ. ನಮ್ಮ ಕಾಲದಲ್ಲಿ ಪ್ರಶ್ನೋತ್ತರ ಉರು ಹೊಡೆದು ಒಪ್ಪಿಸಿದರೆ ಸಾಕಿತ್ತು. ಈಗ ಬಂದಿರುವ ಪಾಸ್ಟರ್ ಟ್ರೆವರ್, ಗಡ್ಡ ಬಿಟ್ಟ ಎಳೆಯ ಹುಡುಗ, ಅದನ್ನು ಬದಲಾಯಿಸಿಬಿಟ್ಟ. "ನಿಮ್ಮನ್ನ ದೇವರ ಹತ್ರ ಕರ್ಕೊಂಡು ಹೋದ ಒಂದು ಹಾಡು ತನ್ನಿ, ಅದರ ಬಗ್ಗೆ ನಿಮ್ಮ ಮನಸ್ಸಲ್ಲಿರೋದನ್ನ ಹೇಳಿ" ಎನ್ನುತ್ತಾನೆ. ಒಂದನ್ನು ಮಾತ್ರ ಅವನು ಮುಟ್ಟಲಿಲ್ಲ: ಒಪ್ಪಿಗೆಯಾದ ಮೇಲೆ ಮಗುವಿನ ಅಪ್ಪನೋ ಅಮ್ಮನೋ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಪ್ರಾರ್ಥನೆ ಮಾಡಿ ಮುಗಿಸಬೇಕು.

ಆ ಹಿರಿಯರಲ್ಲಿ ನಾನೂ ಒಬ್ಬ. ಹೋದ ವರ್ಷ ಬೇರೆ ಯಾರೂ ಸಿಗದೆ ನನ್ನನ್ನು ಹಿಡಿದು ಹಾಕಿದರು. ಪ್ರಾರ್ಥನೆಯ ಸರದಿ ನನಗೆ ಬಂದಾಗಲೆಲ್ಲ ಗಂಟಲು ಸರಿಯಿಲ್ಲ ಎಂದು ಜಾರಿಕೊಳ್ಳುತ್ತೇನೆ. ಹೆಂಡತಿ ಜನೆಲ್ ತೀರಿಹೋದ ಮೇಲೆ ನನ್ನ ಬಾಯಿಂದ ಪ್ರಾರ್ಥನೆ ಹೊರಡುವುದಿಲ್ಲ. ಎಲ್ಲರಿಗೂ ಅದು ಗೊತ್ತು, ಯಾರೂ ಆಡಿ ತೋರಿಸುವುದಿಲ್ಲ.

ಹಿಂದಿನ ಸಂಜೆ ಊಟದ ಮೇಜಿನಲ್ಲಿ ಮಗಳನ್ನು ಕೇಳಿದ್ದೆ. "ಯಾವ ಹಾಡು?"

"ನಾಳೆ ಕೇಳ್ತೀಯಲ್ಲ."

"ಈಗ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಹೇಳಿದ್ರೆ ಬದಲಾಯಿಸು ಅಂತೀಯ." ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. "ನೋಡಪ್ಪಾ, ಇದೊಂದೇ ಹಾಡು, ಒಂದೇ ಸಲ. ಇದು ಬೇಡ, ಬೇರೆ ತಾ ಅಂದ್ರೆ ಕೋಟ್ ಹಾಕ್ಕೊಂಡು ಎದ್ದು ಬರ್ತೀನಿ. ಆಮೇಲೆ ನನ್ನನ್ನ ಚರ್ಚಿಗೆ ಕರೀಬೇಡ. ಕ್ರಿಸ್ಮಸ್ಸಿಗೂ ಕರೀಬೇಡ."

ಅವಳು ಥೇಟ್ ಅವರಮ್ಮ. ಅಂದದ್ದನ್ನು ಮಾಡಿಯೇ ತೀರುತ್ತಾಳೆ. ಮನೆಯಲ್ಲಿ ಉಳಿದಿರುವುದು ನಾವಿಬ್ಬರೇ. ನನಗೆ ಬೆಳಗಿನ ಜಾವದ ಟ್ರಕ್ಕು, ಅವಳಿಗೆ ಶಾಲೆ, ಸಂಜೆ ಕೆಲಸ. ಭಾನುವಾರ ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತು, ಪಾಸ್ಟರ್ ಉಪದೇಶದ ನಡುವೆ ಪೆಪ್ಪರ್‌ಮಿಂಟ್ ದಾಟಿಸಿಕೊಳ್ಳುವುದೊಂದು ಮಾತ್ರ ನಮಗೆ ಉಳಿದ ರೂಢಿ. ಅದೂ ಹೋದರೆ ಅವಳು ನನ್ನ ಕೈಬಿಟ್ಟು ಹೋದ ಹಾಗೇ. ನನಗೆ ಭಯವಾಗಿತ್ತು, ನಿದ್ದೆಯೂ ಸರಿಯಾಗಿ ಬರಲಿಲ್ಲ.

ಹಾಡಿನ ವಿಷಯದಲ್ಲಿ ನಾನೇನು ಅಮಾಯಕನಲ್ಲ. ನನ್ನ ಹರೆಯದಲ್ಲಿ ನಮ್ಮೂರಿನ ಕ್ರೈಸ್ತ ಪುಸ್ತಕದಂಗಡಿಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಎಡಗಡೆ ಲೋಕದ, ಅಂದರೆ ಚರ್ಚಿಗೆ ಸೇರದ ಹಾಡುತಂಡಗಳ ಹೆಸರು, ಬಲಗಡೆ ಅವುಗಳ ಬದಲು ಕೇಳಬಹುದಾದ ನಮ್ಮ ತಂಡಗಳ ಹೆಸರು. ಸಕ್ಕರೆ ಕಾಯಿಲೆಯವರಿಗೆ ಬೇರೆ ಸಿಹಿ ಕೊಟ್ಟ ಹಾಗೆ. ಹಾಗೆಂದು ಬಲಗಡೆಯವು ಸಪ್ಪೆ ಎಂದು ಯಾರಾದರೂ ಅಂದರೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಟೆನೆಸ್ಸಿಯ ಒಂದು ತಂಡದ ಹಾಡಿನಲ್ಲಿ ಮೇಲೇರುವ ಜಾಗದಲ್ಲಿ ಹಾಡುಗಾರನ ದನಿ ಒಡೆಯುತ್ತದೆ. ಅದನ್ನು ಅವರು ತಿದ್ದದೆ ಹಾಗೇ ಬಿಟ್ಟಿದ್ದರು. ಆ ಒಡೆದ ದನಿಗಾಗಿಯೇ ನಾನು ಆ ಕ್ಯಾಸೆಟ್ಟನ್ನು ಸುರುಳಿ ಸವೆಯುವವರೆಗೆ ಕೇಳಿದೆ. ದೇವರು ಬರೀ ಆರ್ಗನ್ನಿಗೆ ಓಗೊಡುವವನಲ್ಲ, ಡ್ರಮ್ಮಿಗೂ ತಿರುಗಿ ನೋಡುತ್ತಾನೆ ಎಂದು ನನಗೆ ತಿಳಿದದ್ದು ಅಲ್ಲಿ. ನಾವು ಹುಡುಗರೇ ಒಂದು ತಂಡ ಕಟ್ಟಿ ಚರ್ಚುಗಳ ನೆಲಮಾಳಿಗೆಗಳಲ್ಲಿ ಬಾರಿಸಿದೆವು. ಅಜ್ಜಿಯರು ಕಿವಿಗೆ ಹತ್ತಿ ಇಟ್ಟುಕೊಂಡು ಬಂದು ಕೂರುತ್ತಿದ್ದರು, ಕೊನೆಗೆ ಕುಕೀ ಕೊಡುತ್ತಿದ್ದರು.

ಆದರೆ ನಮ್ಮ ಹಾಡುಗಳ ಮೇಲೆ ನನಗೊಂದು ತಕರಾರು ಇತ್ತು. ನಮ್ಮವುಗಳಲ್ಲಿ ಬಾಗಿಲು ಬೇಗ ತೆರೆಯುತ್ತದೆ. ಮೊದಲ ಚರಣದಲ್ಲಿ ಮನುಷ್ಯ ಕತ್ತಲಲ್ಲಿರುತ್ತಾನೆ, ಪಲ್ಲವಿ ಬರುವಷ್ಟರಲ್ಲಿ ಬೆಳಕಿಗೆ ಬಂದಿರುತ್ತಾನೆ. ನನಗೆ ಅಷ್ಟು ಬೇಗ ಯಾವತ್ತೂ ಆಗಲಿಲ್ಲ.

ಎಡಗಡೆಯ ತಂಡಗಳಲ್ಲಿ ಒಂದು ಒರೆಗಾನ್ ಕಡೆಯದು. ಅವರ ಒಂದು ಹಾಡಿನಲ್ಲಿ ಕುಡಿದ ಒಬ್ಬ ಮನುಷ್ಯ ತನ್ನನ್ನು ಬಿಟ್ಟವಳ ಮನೆಯ ಮುಂದೆ ನಿಂತು ಬಾಗಿಲು ಬಡಿಯುತ್ತಾನೆ. ದೀಪ ಉರೀತಿದೆ, ಒಳಗೇ ಇದ್ದೀಯ, ಯಾಕೆ ತೆಗೀತಿಲ್ಲ ಎಂದು ಅಂಗಲಾಚುತ್ತಾನೆ, ಬೈಯುತ್ತಾನೆ, ಮತ್ತೆ ಅಂಗಲಾಚುತ್ತಾನೆ. ಬಾಗಿಲು ತೆರೆಯುವುದೇ ಇಲ್ಲ. ಹಾಡು ಬಡಿತದಲ್ಲೇ ಮುಗಿಯುತ್ತದೆ.

ಆಗ ನಮ್ಮ ಯುವಕರ ಗುಂಪು ನಡೆಸುತ್ತಿದ್ದವರು ಹಾರ್ವಿ. ನಾವು ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದೆವು. ಒಂದು ಸಂಜೆ ನೆಲಮಾಳಿಗೆಯಲ್ಲಿ ಮರದ ದಿಮ್ಮಿ ಇಟ್ಟು, ಸುತ್ತಿಗೆ ಹಿಡಿದು ನಿಂತರು. ನಾವು ಲೋಕದ ಹಾಡುಗಳ ಸಿ.ಡಿ.ಗಳನ್ನು ಒಂದೊಂದಾಗಿ ಇಡಬೇಕು, ಅವರು ಒಡೆಯಬೇಕು, ಎಲ್ಲರೂ ಹಲ್ಲೆಲೂಯ ಎನ್ನಬೇಕು. ಆ ಕಾಲದಲ್ಲಿ ನಮ್ಮ ಕಡೆಯ ಚರ್ಚುಗಳಲ್ಲಿ ಇದು ಮಾಮೂಲು. ಒರೆಗಾನ್‌ನವರದ್ದನ್ನು ನಾನೇ ಇಟ್ಟೆ, ನಾನೇ ಕೂಗಿದೆ, ಚೂರುಗಳನ್ನು ಗುಡಿಸಿದವನೂ ನಾನೇ. ಆ ಹಾಡನ್ನು ಮತ್ತೆ ಕೊಳ್ಳಲಿಲ್ಲ, ಕೇಳಲಿಲ್ಲ. ಅದು ನನ್ನೊಳಗಿಂದ ಹೋಯಿತು ಎಂದುಕೊಂಡಿದ್ದೆ.

ಅಂತೂ ಹೊತ್ತಾಯಿತು, ನಾನೂ ಮಾರಿಟ್‌ಳೂ ಹಿರಿಯರ ಕೋಣೆಗೆ ಹೋದೆವು. ಮೇಜಿನ ತುದಿಯ ಮುಖ್ಯ ಕುರ್ಚಿಯಲ್ಲಿ ಹಾರ್ವಿ ಮೇಷ್ಟ್ರು, ಈಗ ಎಂಬತ್ತು ದಾಟಿದವರು, ಕಿವಿಯಲ್ಲಿ ಯಂತ್ರ. ಅವರ ಪಕ್ಕ ಲೋಯಿಸ್, ಊರಿನ ಹಳೆಯ ಗ್ರಂಥಪಾಲಕಿ, ಮಾತು ಚುರುಕು. ಆಮೇಲೆ ಟ್ರೆವರ್. ನಾನು ಬಾಗಿಲ ಹತ್ತಿರ ಕೂತು ಕಾಲು ಕುಣಿಸತೊಡಗಿದೆ. ಲೋಯಿಸ್ ನನ್ನ ಕಡೆ ನೋಡಿ, "ಟ್ರಕ್ಕಿನ ಬ್ರೇಕ್ ಅಲ್ಲ ಅದು ಆರ್ಲನ್, ನೆಲ" ಎಂದರು.

ಮಾರಿಟ್ ಫೋನನ್ನು ಸಣ್ಣ ಸ್ಪೀಕರಿಗೆ ಜೋಡಿಸಿ ಹಾಡು ಹಾಕಿದಳು.

ಗಿಟಾರಿನ ಮೊದಲ ಮೀಟಿಗೇ ನನ್ನ ಕಾಲು ನಿಂತುಹೋಯಿತು. ದೀಪ ಉರೀತಿದೆ ಎಂದು ಆ ಮನುಷ್ಯ ಶುರು ಮಾಡಿದ. ಇವಳಿಗೆ ಇದು ಎಲ್ಲಿ ಸಿಕ್ಕಿತು? ಎರಡನೆಯ ಚರಣದಲ್ಲಿ ಆ ಕೆಟ್ಟ ಬೈಗುಳ ಬಂತು. ಟ್ರೆವರ್ ಗಡ್ಡ ಕೆರೆದುಕೊಂಡ. ಲೋಯಿಸ್ ಕನ್ನಡಕ ತೆಗೆದು ಒರೆಸಿದರು. ಬಡಿತ, ಬಡಿತ, ಮೌನ. ಹಾಡು ಮುಗಿಯಿತು.

"ಇದು ಚರ್ಚಿನ ಹಾಡಲ್ಲ, ಗೊತ್ತು" ಎಂದಳು ಮಾರಿಟ್. ಅವಳು ತಲೆ ತಗ್ಗಿಸಲಿಲ್ಲ. "ಆದ್ರೆ ನಾನು ತುಂಬಾ ವರ್ಷ ಇದನ್ನ ಕೀರ್ತನೆ ಅಂತಾನೇ ಅಂದ್ಕೊಂಡಿದ್ದೆ. ನಮ್ಮಪ್ಪ ಇದನ್ನ ಗುನುಗ್ತಾರೆ. ಪಾತ್ರೆ ತೊಳೀವಾಗ, ಗಡ್ಡ ಹೆರೆಯೋವಾಗ. ಅವರಿಗೆ ಅದು ಗೊತ್ತೇ ಇಲ್ಲ."

"ನಾನೆಲ್ಲಿ ಗುನುಗ್ತೀನಿ?" ಎಂದೆ, ಬಾಯಿ ತಡೆಯದೆ.

"ನೋಡಿ, ಗೊತ್ತಿಲ್ಲ." ಅವಳು ನನ್ನತ್ತ ತಿರುಗಲಿಲ್ಲ. "ಅಮ್ಮ ಆಸ್ಪತ್ರೇಲಿದ್ದಾಗ ಎಲ್ಲರೂ ಬಂದು ಪ್ರಾರ್ಥನೆ ಮಾಡಿ ಹೋಗ್ತಿದ್ರು. ಚೆನ್ನಾಗೇ ಮಾಡ್ತಿದ್ರು. ಅವರು ಹೋದ್ಮೇಲೆ ಅಪ್ಪ ಅಮ್ಮನ ಕೈ ಹಿಡ್ಕೊಂಡು ಇದನ್ನ ಗುನುಗ್ತಿದ್ರು, ಮತ್ತೆ ಮತ್ತೆ ಇದನ್ನೇ. ಹೋದ ತಿಂಗಳು ಆ ರಾಗಾನ ನಾನು ಫೋನಿಗೆ ಗುನುಗಿ ಕೇಳಿಸ್ದೆ, ಅದು ಹುಡುಕಿ ಕೊಡ್ತು. ಮಾತುಗಳನ್ನ ಆಗ ಮೊದಲ ಸಲ ಕೇಳಿದ್ದು. ನನ್ನ ಕಿವಿಗೆ ಬಿದ್ದ ಪ್ರಾರ್ಥನೆಗಳಲ್ಲಿ ನಿಜವಾಗ್ಲೂ ಏನನ್ನೋ ಬೇಡ್ತಿದ್ದಿದ್ದು ಇದೊಂದೇ. ಬಾಗಿಲು ತೆರೀಲಿಲ್ಲ, ನಮ್ಮಮ್ಮ ಉಳೀಲಿಲ್ಲ. ಆದ್ರೂ ಆ ಹಾಡಿನವನು ಮೆಟ್ಟಿಲು ಬಿಟ್ಟು ಹೋಗಲ್ಲ. ನನ್ನ ನಂಬಿಕೆ ಅಷ್ಟೇ. ಇದಕ್ಕಿಂತ ಜಾಸ್ತಿ ಇದೆ ಅಂದ್ರೆ ಸುಳ್ಳಾಗುತ್ತೆ."

ನನಗೆ ಯಾರ ಮುಖ ನೋಡುವುದಕ್ಕೂ ಆಗಲಿಲ್ಲ.

"ಮಾತು ಒಳ್ಳೇದೇ" ಎಂದ ಟ್ರೆವರ್. "ಆದ್ರೆ ಈ ಬೈಗುಳ ಇದೆಯಲ್ಲಮ್ಮ... ಇದೇ ಅರ್ಥ ಬರೋ ಬೇರೆ ಹಾಡು ಏನಾದ್ರೂ..."

ಮಾರಿಟ್ ಕೋಟಿನ ಮೇಲೆ ಕೈ ಇಟ್ಟಳು. ಆಗ ಹಾರ್ವಿ ಮೇಷ್ಟ್ರು ಕಿವಿಯ ಯಂತ್ರ ತಿರುಗಿಸುತ್ತ, "ತಡಿ ತಡಿ. ನಂಗೆ ಅರ್ಧ ಕೇಳಿಸ್ಲೇ ಇಲ್ಲ. ಅಪ್ಪ ಮಗಳು ಹೊರಗಿರಿ, ಫೋನು ಇಲ್ಲೇ ಇರಲಿ" ಎಂದರು. ಹೆತ್ತವರೂ ಹಿರಿಯರ ಮಂಡಳಿಯಲ್ಲಿದ್ದರೆ ತೀರ್ಮಾನದ ಹೊತ್ತಿಗೆ ಹೊರಗೆ ಹೋಗಲೇಬೇಕು. ಹೋದೆವು.

ಹೊರಗೆ ಓಣಿಯಲ್ಲಿ ನಾನು ಆ ತುದಿಗೆ ಹೋಗಿ ಈ ತುದಿಗೆ ಬಂದೆ. ಕೋಟುಗಳನ್ನು ನೇತುಹಾಕಿದ್ದ ಕಡೆ ನಿಂತೆ, ನಿಲ್ಲಲಾಗದೆ ಮತ್ತೆ ನಡೆದೆ. ಒಳಗಿಂದ ಹಾಡು ಗೋಡೆ ಅದುರುವಷ್ಟು ಜೋರಾಗಿ ಕೇಳಿಸಿತು. ಬೈಗುಳ ಹಾಲ್‌ನವರೆಗೂ ಹೋಗಿರಬೇಕು, ಅಲ್ಲಿ ಲೋಟಗಳ ಸದ್ದು ತಟಕ್ಕನೆ ನಿಂತಿತು.

"ಅಪ್ಪಾ, ಕೋಪಾನಾ?"

"ಕೋಪ ಯಾಕೆ? ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಗುನುಗೋದು ನಿಲ್ಲಿಸ್ಬಿಡ್ತಿದ್ದೆ."

ನಿಜವಾಗಿಯೂ ನಿಲ್ಲಿಸಿಬಿಡುತ್ತಿದ್ದೆ.

ಹಾಡು ಮುಗಿಯಿತು. ಮಾರಿಟ್ ಕೋಟಿನ ಒಂದು ತೋಳು ಹಾಕಿಕೊಂಡೇಬಿಟ್ಟಿದ್ದಳು. ಅವಳು ಹೊರಟರೆ ಕೈ ಹಿಡಿದು ನಿಲ್ಲಿಸುವುದೋ, ಜೊತೆಗೆ ನಾನೂ ಹೊರಟುಬಿಡುವುದೋ ಎಂದು ನನಗೇ ತಿಳಿಯಲಿಲ್ಲ. ಅಷ್ಟರಲ್ಲಿ ಲೋಯಿಸ್ ಬಾಗಿಲು ತೆರೆದು, "ಬನ್ನಿ ಒಳಗೆ" ಎಂದರು.

ಹಾರ್ವಿ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. "ಆರ್ಲನ್, ಇಂಥವನ್ನ ನಾನು ಎಷ್ಟೋ ಒಡೆದಿದೀನಿ, ಕಣೋ. ಇದೂ ಅದರಲ್ಲಿತ್ತಾ?"

"ಇತ್ತು ಮೇಷ್ಟ್ರೇ. ನಾನೇ ತಂದುಕೊಟ್ಟಿದ್ದು."

"ಒಂದನ್ನೂ ಹಾಕಿ ಕೇಳಿರ್ಲಿಲ್ಲ." ಅವರು ಮೇಜಿನ ಅಂಚನ್ನು ಬೆರಳಿನಿಂದ ಉಜ್ಜಿದರು. "ಹೇಳು, ಆಸ್ಪತ್ರೇಲಿ ನೀನು ಅದನ್ನ ಯಾರಿಗೆ ಹೇಳ್ತಿದ್ದೆ?"

ಏನು ಹೇಳಿದರೆ ಅವಳಿಗೆ ಒಪ್ಪಿಗೆ ಸಿಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ದೇವರಿಗೆ ಎಂಬ ಒಂದೇ ಪದ. ಆದರೆ ಅವಳು ಅಷ್ಟು ನೆಟ್ಟಗೆ ನಿಜ ಹೇಳಿದ ಮೇಲೆ ನಾನು ಸುಳ್ಳಾಡುವುದು ಹೇಗೆ?

"ಗೊತ್ತಿಲ್ಲ ಮೇಷ್ಟ್ರೇ. ಯಾರೋ ಕೇಳಿಸ್ಕೊಳ್ತಿದಾರೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ."

"ನಾನು ಕೇಳಿಸ್ಕೊಳ್ತಿದ್ನಲ್ಲಪ್ಪಾ" ಎಂದಳು ಮಾರಿಟ್.

ಹಾರ್ವಿ ಮೇಷ್ಟ್ರು ತಲೆ ಆಡಿಸಿದರು. ಜೇಬಿನಿಂದ ಪೆಪ್ಪರ್‌ಮಿಂಟ್ ಪೊಟ್ಟಣ ತೆಗೆದು ಒಂದನ್ನು ಮೇಜಿನ ಮೇಲೆ ಅವಳ ಕಡೆ ಜಾರಿಸಿದರು. "ಈಸ್ಟರ್ ದಿನ ಬೇಗ ಬಾ ಮಗಳೇ. ಮುಂದಿನ ಸಾಲಲ್ಲಿ ಕೂರ್ಬೇಕು. ಕೋಟು ತೆಗಿ ಈಗ." ಲೋಯಿಸ್ ಆಗಲೇ ಒಪ್ಪಿಗೆಗೆ ಕೈ ಎತ್ತಿದ್ದರು. ಟ್ರೆವರ್ ಒಂದು ಸಲ ಸ್ಪೀಕರ್ ಕಡೆ ನೋಡಿ, ತಾನೂ ಎತ್ತಿದ.

ಆಮೇಲೆ ನನ್ನ ಪ್ರಾರ್ಥನೆಗೆಂದು ಎಲ್ಲರೂ ತಲೆ ತಗ್ಗಿಸಿದರು. ಪದ್ಧತಿ. ನಾನು ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಬಾಯಿ ತೆರೆದೆ, ಪದ ಹೊರಡಲಿಲ್ಲ. ಗಂಟಲು ಸರಿಯಿಲ್ಲ ಎನ್ನಬಹುದಿತ್ತು. ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಮಾರಿಟ್ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು, ಆ ಪೆಪ್ಪರ್‌ಮಿಂಟ್ ಅವಳ ಮುಷ್ಟಿಯಲ್ಲಿತ್ತು.

ನಾನು ಗುನುಗಿದೆ. ಈ ಸಲ ಗೊತ್ತಿದ್ದೂ ಗುನುಗಿದೆ. ಮೇಲೇರುವ ಜಾಗದಲ್ಲಿ ದನಿ ಒಡೆಯಿತು. ತಿದ್ದಲು ಹೋಗದೆ ಮುಂದುವರಿಸಿದೆ, ಪಕ್ಕದಿಂದ ಅವಳೂ ಸೇರಿಕೊಂಡಳು. ಮುಗಿಯಿತೆಂದುಕೊಂಡು ಹಾರ್ವಿ ಮೇಷ್ಟ್ರು ನಡುವೆಯೇ ಜೋರಾಗಿ ಆಮೆನ್ ಎಂದುಬಿಟ್ಟರು. ನಾವು ನಿಲ್ಲಿಸಲಿಲ್ಲ, ಇನ್ನೂ ಒಂದು ಚರಣವಿತ್ತು.