ಕೋನಾಕ್ಕೆ ಮುಂಚೆ ಒಂದು ಮುಳುಗು

ಡೈವಿಂಗ್ ಮಾಸ್ಕಿನ ಗಾಜಿನ ಒಳಗಡೆ ಉಗುಳಿ ಬೆರಳಿನಿಂದ ಸವರಬೇಕು, ಮಂಜು ಕಟ್ಟುವುದಿಲ್ಲ, ಸವರುತ್ತ ಸವರುತ್ತ ಎಂಜಲು, ಛೀ, ಎನ್ನಿಸಿತು ಇಂದುವಿಗೆ, ಐವತ್ತಮೂರನೇ ವಯಸ್ಸಿಗೆ ಇದೊಂದು ಬಾಕಿ ಇತ್ತು, ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್ಲಿನ ಈ ಈಜುಕೊಳದ ಕ್ಲೋರಿನ್ ವಾಸನೆಗೆ ಯಾಕೋ ಆಪರೇಷನ್ ಥಿಯೇಟರು ನೆನಪಾಗುತ್ತದೆ, ಅಲ್ಲಿ ಅವಳು ಅರಿವಳಿಕೆ ಕೊಡುವ ಡಾಕ್ಟರು, ದಿನಕ್ಕೆ ನಾಲ್ಕು ಜನರ ಮೂಗಿನ ಮೇಲೆ ಮಾಸ್ಕಿಟ್ಟು ನಿಧಾನವಾಗಿ ಉಸಿರಾಡಿ, ನಾನಿದ್ದೀನಿ ಎನ್ನುವವಳು, ಇಲ್ಲಿ ನೋಡಿದರೆ ಅವಳಿಗೇ ಉಸಿರಾಡುವುದನ್ನು ಕಲಿಸಬೇಕಾಗಿದೆ — ಎದುರಿಗೆ ಮುನಿರಾಜು, ವಾರವಿಡೀ ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಕೋಡು ಬರೆದು ಶನಿವಾರ ಡೈವಿಂಗು ಕಲಿಸುವ ಕೋಲಾರದವನು, ಎದೆಮಟ್ಟದ ನೀರಿನಲ್ಲಿ ನಿಂತು ಹೇಳುತ್ತಲೇ ಇದ್ದಾನೆ, ರಜೆಗೆ ಹೋಗೋಕ್ ಮುಂಚೆ ಹೀಗೊಂದ್ಸಲ ಪ್ರಾಕ್ಟೀಸ್ ಮಾಡ್ಕೊಳ್ಳೋದೇ ಒಳ್ಳೇದು ಮೇಡಂ, ಮೊದಲ್ನೇ ದಿನಾನೇ ಆಳಕ್ಕೆ ಹೋಗ್ಬೇಡಿ, ಉಸಿರು ಮಾತ್ರ ಯಾವತ್ತೂ ಬಿಗಿಹಿಡೀಬೇಡಿ, ಫ್ಲೈಟಿನ ಹಿಂದಿನ ದಿನ ನೀರಿಗಿಳೀಲೇಬೇಡಿ, ಆಮೇಲೆ ಬೋಟಲ್ಲಿ ಎಷ್ಟು ಡೈವಾಗಿದೆ ಅಂತ ಕೇಳ್ತಾರೆ, ನಿಜ ಹೇಳಿ, ನಾಚ್ಕೋಬೇಡಿ, ಎಷ್ಟಾಗಿದೆ ನಿಮ್ದು? ಐದು, ಎಂದಳು ಇಂದು. ಐದನೆಯದು ಐದೇ ನಿಮಿಷದ್ದು ಎಂದು ಹೇಳಲಿಲ್ಲ.

ಐದನೆಯದು ಮಾಂಟೆರೆಯಲ್ಲಿ, ಅಕ್ಟೋಬರಿನಲ್ಲಿ, ಕೊರೆಯುವ ಹಸಿರು ನೀರು, ಇಪ್ಪತ್ತು ಅಡಿ ಕೆಳಗೆ ಮಾಸ್ಕಿನೊಳಕ್ಕೆ ಸಮುದ್ರ ನುಗ್ಗಿತ್ತು, ಕಣ್ಣಿಗೆ ಉಪ್ಪು, ಮೂಗಿಗೆ ಉಪ್ಪು, ಬಾಯಲ್ಲಿದ್ದ ರೆಗ್ಯುಲೇಟರಿನಿಂದ ಗಾಳಿ ಬರುತ್ತಲೇ ಇತ್ತು, ಅದು ಈಗ ಗೊತ್ತು, ಆಗ ಗೊತ್ತಾಗಲಿಲ್ಲ, ಆಗ ಹೊಳೆದದ್ದು ಒಂದೇ, ಪಕ್ಕದಲ್ಲಿರುವವಳ ಬಾಯಲ್ಲಿ ಗಾಳಿಯಿದೆ — ಕೈ ಚಾಚಿ ಕಿತ್ತುಕೊಂಡಳು, ಹೆತ್ತ ಮಗಳ ಬಾಯಿಂದ, ಬರ್ಕ್ಲಿಯಲ್ಲಿ ಓದುವ ಇಪ್ಪತ್ತರ ಮಾನ್ಯಾಳ ಬಾಯಿಂದ, ಕಿತ್ತುಕೊಂಡು, ಅದನ್ನೂ ಅಲ್ಲೇ ಬಿಟ್ಟು ಕಿರುಚುತ್ತ ಮೇಲಕ್ಕೆ ಚಿಮ್ಮಿದಳು, ಮಾನ್ಯಾ ತಡಕಾಡಿ ತನ್ನದನ್ನು ಹುಡುಕಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಬಂದಳು, ದಡದಲ್ಲಿ ಕೆಮ್ಮುತ್ತ ಇಂದು ಅಂದದ್ದು, ಕೈ ತಾಗಿಬಿಡ್ತು ಪುಟ್ಟಿ, ಸಾರಿ. ಇಟ್ಸ್ ಓಕೆ ಅಮ್ಮ. ಅಷ್ಟೇ, ಎಂಟು ತಿಂಗಳಾಯಿತು, ಆ ಮಾತು ಮತ್ತೆ ಬಂದಿಲ್ಲ, ಮಗಳು ಹವಾಯಿಯ ಕೋನಾಕ್ಕೆ ಇಬ್ಬರಿಗೂ ಟಿಕೆಟು ಬುಕ್ ಮಾಡಿದಾಗಲೂ ಬಂದಿಲ್ಲ, ನಾನು ಬೋಟಲ್ಲೇ ಕೂತಿರ್ತೀನಿ ಕಣೆ ಎಂದರೆ ನೋ ವೇ ಅಮ್ಮ ಎಂದು ನಕ್ಕಿದ್ದಳು, ಆ ನಗುವಿನ ಹಿಂದೆ ಏನಿತ್ತು, ಗೊತ್ತಿದ್ದೂ ನಕ್ಕಳೇ, ಗೊತ್ತಿಲ್ಲದೆಯೇ, ಯಾವುದಾದರೂ ಕಷ್ಟವೇ, ನಿಜ ಹೇಳಿ ಅನ್ನುತ್ತಾನೆ ಈ ಮನುಷ್ಯ, ಬೋಟಿನವರಿಗೆ ಹೇಳಬಹುದು, ಆದರೆ ಬೆನ್ನ ಹಿಂದೆಯೇ ಕೂತಿರುವ ಇವಳಿಗೆ — ಅದು ಕೈ ತಾಗಿದ್ದಲ್ಲ ಮಾನ್ಯಾ.

ಮಾತು ಹೊರಗೆ ಬಿದ್ದೇಬಿಟ್ಟಿತು, ಮುನಿರಾಜುವಿನ ಎದುರಿಗೇ, ನಾನೇ ಕಿತ್ಕೊಂಡೆ, ನೀನು ಅಂತಾನೂ ನೋಡ್ಲಿಲ್ಲ. ಕೊಳದ ಅಂಚಿನಲ್ಲಿ ಕೂತು ಕಾಲಿಗೆ ಈಜುವ ರಬ್ಬರ್ ಫಿನ್ ಸಿಕ್ಕಿಸುತ್ತಿದ್ದ ಮಾನ್ಯಾ ತಲೆ ಎತ್ತಲಿಲ್ಲ. ಐ ನೋ, ಅಮ್ಮ. ಆಗ ನಿನ್ನ ಕಣ್ಣು ನೋಡ್ದೆ. ನಂಗೂ ತುಂಬಾ ಭಯ ಆಯ್ತು, ಅದಕ್ಕೇ ಕೇಳ್ಲಿಲ್ಲ. ಆಮೇಲೆ ಎದೆಯ ಪಟ್ಟಿಗೆ ಸಿಕ್ಕಿಸಿದ್ದ ಹಳದಿ ರೆಗ್ಯುಲೇಟರನ್ನು ಎಳೆದು ತೋರಿಸಿದಳು, ಇದು ಇರೋದೇ ಇನ್ನೊಬ್ರಿಗೆ ಅಮ್ಮ, ನೆಕ್ಸ್ಟ್ ಟೈಮ್ ಹಳದೀದು ತಗೋ, ಓಕೆ? ಮುನಿರಾಜು ನಗಲಿಲ್ಲ, ಗಾಬರಿ ಎಲ್ರಿಗೂ ಆಗತ್ತೆ ಮೇಡಂ, ಹೇಳ್ದೇ ಮುಚ್ಚಿಡೋದೇ ಡೇಂಜರು, ಬನ್ನಿ, ಅದನ್ನೇ ಪ್ರಾಕ್ಟೀಸ್ ಮಾಡೋಣ — ಈಗ ಹನ್ನೆರಡು ಅಡಿ ಕೆಳಗೆ, ನೀಲಿ ಟೈಲ್ಸಿನ ಮೇಲೆ ಮಂಡಿಯೂರಿ, ಮೊದಲು ಮಾಸ್ಕು, ಬೇಕೆಂದೇ ಒಳಗೆ ನೀರು ಬಿಟ್ಟುಕೊಂಡಳು, ಬಾಯಿಂದ ಎಳೆದುಕೋ, ತಲೆ ಎತ್ತು, ಮೂಗಿಂದ ಊದು, ಊದಿದಳು, ಇನ್ನೂ ಊದಿದಳು, ಗಾಜು ತಿಳಿಯಾಯಿತು, ಅರೆ, ಇಷ್ಟೇನಾ, ಮುನಿರಾಜು ಕೈಸನ್ನೆ ಮಾಡುತ್ತಾನೆ, ಇಂದು ಕತ್ತಿನ ಮೇಲೆ ಕೈ ಆಡಿಸಿ ಗಾಳಿಯಿಲ್ಲ ಎಂದು ತೋರಿಸುತ್ತಾಳೆ, ಮಾನ್ಯಾ ಅವಳ ತೋಳು ಹಿಡಿದುಕೊಳ್ಳುತ್ತಾಳೆ, ಇಂದು ತನ್ನದನ್ನು ತೆಗೆದು, ಸಣ್ಣಗೆ ಉಸಿರು ಬಿಡುತ್ತ, ಮಗಳ ಹಳದಿಯದನ್ನು ಬಾಯಿಗಿಟ್ಟುಕೊಳ್ಳುತ್ತಾಳೆ, ಎಳೆದುಕೊಳ್ಳುತ್ತಾಳೆ, ಬಂತು, ಮಗಳ ಬೆನ್ನಿನ ಸಿಲಿಂಡರಿನಿಂದ ತಣ್ಣಗೆ ಬಂತು, ಮಾನ್ಯಾಳಿಗೂ ಬರುತ್ತಿದೆ, ಇಬ್ಬರಿಗೂ ಇದೆ, ಇಬ್ಬರ ಬಾಯಿಂದಲೂ ಗುಳ್ಳೆ, ಬೆಳ್ಳಗೆ, ಮೇಲಕ್ಕೆ ಹೋಗುತ್ತ ದೊಡ್ಡದಾಗುವ ಗುಳ್ಳೆ, ಅವಳದು, ಇವಳದು, ಮತ್ತೆ ಅವಳದು, ಯಾವುದು ಯಾರದೋ, ಗುಳ್ಳೆ, ಗುಳ್ಳೆ