ಎಪ್ಪತ್ತೊಂಬತ್ತು ಪರ್ಸೆಂಟಿನ ರಾಜ

ನಾರ್ವೆಗೆ ಹನ್ನೊಂದು ದಿನದ ಕ್ರೂಸ್ ಹೋಗಿ ಬಂದ ಮೇಲೆ ಭಾಸ್ಕರರಾಯರಿಗೆ ಕೆನಡಾದ ತಮ್ಮೂರು ಮಿಸಿಸಾಗ ಯಾಕೋ ಸಣ್ಣದಾಗಿ ಕಾಣತೊಡಗಿತು. ಮೂವತ್ತೈದು ವರ್ಷ ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರು. ಈಗ ಮನೆಗೆ ಯಾರೇ ಬರಲಿ, ಕೈಗೆ ಕಾಫಿ ಬರುವ ಮೊದಲೇ ೧೯೦೫ನೇ ಇಸವಿ ಬಂದುಬಿಡುತ್ತಿತ್ತು.

"ನಾರ್ವೆಗೂ ಸ್ವೀಡನ್ನಿಗೂ ಒಬ್ಬನೇ ರಾಜ. ಜಗಳ ಯಾತಕ್ಕೆ ಬಂತು ಗೊತ್ತಾ? ಪರದೇಶದಲ್ಲಿ ನಮ್ಮ ವ್ಯಾಪಾರ ನೋಡ್ಕೊಳ್ಳೋಕೆ ನಮ್ಮದೇ ಕಾನ್ಸುಲ್ ಬೇಕು ಅಂತ! ಬೇರೆ ಆಗೋಕೆ ವೋಟು ಹಾಕಿದ್ರು ನೋಡಿ, ಇಡೀ ದೇಶದಲ್ಲಿ ಬೇಡ ಅಂದೋರು ನೂರ ಎಂಬತ್ನಾಲ್ಕೇ ಜನ."

"ಹೆಂಗಸರಿಗೆ ವೋಟಿತ್ತೇನ್ರೀ?" ಎಂದರು ಹೆಂಡತಿ ಅರುಂಧತಿ ಅಡುಗೆಮನೆಯಿಂದ.

"ಆಗ ಇರ್ಲಿಲ್ಲ."

"ಅದಕ್ಕೇ ನೂರ ಎಂಬತ್ನಾಲ್ಕು."

ಈ ಚರಿತ್ರೆ ರಾಯರಿಗೆ ಅಷ್ಟು ಹಿಡಿಸಲು ಕಾರಣವಿತ್ತು. ಅವರ ಲೇಕ್‌ಶೋರ್ ಕನ್ನಡ ಕೂಟವೂ ದೊಡ್ಡ ಸಂಘವೊಂದರಿಂದ ಆಗಷ್ಟೇ ಸಿಡಿದು ಬಂದದ್ದು. ಕಾನ್ಸುಲ್ ವಿಷಯಕ್ಕಲ್ಲ, ಬಿಸಿಬೇಳೆಬಾತಿನ ಮೇಲೆ ಬೂಂದಿಯೋ ಚಿಪ್ಸೋ ಎಂಬ ವಿಷಯಕ್ಕೆ. ಹೊಸ ರಾಜ್ಯಕ್ಕೆ ಅಧ್ಯಕ್ಷರು ಬೇಕಿತ್ತು. ಆ ಕುರ್ಚಿಗಾಗಿ ರಾಯರ ಜೀವ ಬಾಯಿ ಬಾಯಿ ಬಿಡುತ್ತಿತ್ತು. ಭಾಷಣ ಬರೆದಾಗಿತ್ತು. ಡ್ರೈಕ್ಲೀನಿಂಗಿನಿಂದ ಬಂದ ಮೈಸೂರು ಪೇಟ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿತ್ತು.

ಭಾನುವಾರ ಶಾಲೆಯೊಂದರ ಜಿಮ್ಮಿನಲ್ಲಿ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಸಭೆ ಸೇರಿತು. ಕಾರ್ಯದರ್ಶಿ ಸುರಭಿ ಇಲ್ಲೇ ಹುಟ್ಟಿ ಬೆಳೆದವಳು, ಹೇಳಿದ ಮಾತನ್ನು ಹೇಳಿದ ಹಾಗೇ ನಂಬುವ ಹುಡುಗಿ. ಮೈಕು ಹಿಡಿದು ನೇರವಾಗಿ ಕೇಳಿದಳು:

"ಭಾಸ್ಕರ ಅಂಕಲ್, ನೀವು ಪ್ರೆಸಿಡೆಂಟ್ ಆಗ್ತೀರಾ? ಎಲ್ರಿಗೂ ಓಕೆ."

ಮೊದಲ ಸಲಕ್ಕೇ 'ಹೂಂ' ಎನ್ನುವುದೇ? ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಬೇಕು, ಬೇಡ ಬೇಡ ಎನ್ನಬೇಕು, ಬಡಿಸುವವರು ಬೆರಳ ಸಂದಿಯಲ್ಲೇ ಜಾರಿಸಬೇಕು. ರಾಯರು ಹಾಗೆ ಬೆಳೆದವರು. ಎದ್ದು ಕೈ ಮುಗಿದರು.

"ನಾನೆಲ್ಲಮ್ಮ... ನಾರ್ವೆಯೋರು ಡೆನ್ಮಾರ್ಕಿನ ರಾಜಕುಮಾರನ್ನ ಸಿಂಹಾಸನಕ್ಕೆ ಕರೆದಾಗ ಅವನು ಏನಂದ? ಜನಕ್ಕೆ ನಾನು ಬೇಕೋ ಬೇಡ್ವೋ ಮೊದಲು ವೋಟು ಹಾಕಿಸಿ ಅಂದ. ಎಪ್ಪತ್ತೊಂಬತ್ತು ಪರ್ಸೆಂಟು ಬಿತ್ತು. ನನಗೂ ಅಷ್ಟು ಬೀಳ್ದೇ ಇದ್ರೆ ಕುರ್ಚಿ ಮುಟ್ಟಲ್ಲ!"

'ಅಯ್ಯೋ ಬಿಡಿ ಸಾರ್, ನೀವೇ ಆಗ್ಬೇಕು' ಎಂಬ ಕೂಗಿಗಾಗಿ ಕಾದರು. ಕೂಗೇನೋ ಬಂತು, ಹಿಂದಿನ ಸಾಲಿನಿಂದ. ಧಾರವಾಡದ ಹಾರ್ಟ್ ಡಾಕ್ಟರು ಸಿದ್ದಲಿಂಗಯ್ಯನವರದು.

"ಏ, ಲಗೂನ ಮುಗಸ್ರೆಪಾ, ರೊಟ್ಟಿ ಆರಾಕತ್ತಾವ!"

"ಗ್ರೇಟ್ ಐಡಿಯಾ ಅಂಕಲ್," ಎಂದಳು ಸುರಭಿ. ಎರಡೇ ನಿಮಿಷ. ಇಪ್ಪತ್ನಾಲ್ಕು ಸದಸ್ಯರ ಫೋನಿಗೂ ಫಾರ್ಮು ಬಂತು. ಬೇಕು, ಬೇಡ, ಎರಡೇ ಗುಂಡಿ. ಹೆಸರು ಯಾರಿಗೂ ಕಾಣದು.

ರಾಯರ ಹೆಬ್ಬೆರಳು ಫೋನಿನ ಮೇಲೆ ತೂಗಾಡಿತು. ತನ್ನ ಎಲೆಗೆ ತಾನೇ ಬಡಿಸಿಕೊಳ್ಳುವುದೇ, ಛೆ! 'ಬೇಡ' ಒತ್ತಿದರು.

"ರೀ! ಏನ್ ಮಾಡಿದ್ರಿ?" ಅರುಂಧತಿ ಪಿಸುಗುಟ್ಟಿದರು.

"ಸಜ್ಜನಿಕೆ ಕಣೇ. ನಿನಗೆ ಗೊತ್ತಾಗಲ್ಲ."

ಫಲಿತಾಂಶ ಗೋಡೆಯ ಮೇಲೆ ಬೆಳಗಿತು. ಬೇಕು ಹದಿನೆಂಟು, ಬೇಡ ಆರು.

"ಸೆವೆಂಟಿ ಫೈವ್ ಪರ್ಸೆಂಟ್! ಸೋ ಕ್ಲೋಸ್ ಅಂಕಲ್! ಬೇಡ ಅಂದೋರಲ್ಲಿ ಒಬ್ರು, ಜಸ್ಟ್ ಒಬ್ರು, ಬೇಕು ಅಂದಿದ್ರೆ ಸೆವೆಂಟಿ ನೈನ್ ದಾಟ್ತಿತ್ತು."

ಆ ಭಾಗಾಕಾರವನ್ನು ರಾಯರು ಆಗಲೇ ಮಾಡಿ ಮುಗಿಸಿದ್ದರು.

"ಇರ್ಲಿ ಬಿಡಮ್ಮ, ಎಪ್ಪತ್ತೈದೂ ಕಮ್ಮಿಯೇನಲ್ಲ..."

"ನೋ ನೋ, ಕುರ್ಚಿ ಮುಟ್ಟಲ್ಲ ಅಂತ ನೀವೇ ಹೇಳಿದ್ರಲ್ಲ! ನಾವು ಫೋರ್ಸ್ ಮಾಡಲ್ಲ ಅಂಕಲ್. ಎಲ್ರೂ ಚಪ್ಪಾಳೆ ಹೊಡೀರಿ, ಎಂಥಾ ಪ್ರಿನ್ಸಿಪಲ್ಡ್ ಮನುಷ್ಯ!"

ಜಿಮ್ಮು ಮೊಳಗಿತು. ರಾಯರು ತಮ್ಮ ಸೋಲಿಗೆ ತಾವೇ ಕೈ ಮುಗಿದರು.

"ಬೇರೆ ಯಾರಾದ್ರೂ ಆಗ್ತೀರಾ?"

"ನಾ ಆಗ್ತೀನವ್ವಾ," ಎಂದರು ಸಿದ್ದಲಿಂಗಯ್ಯ ಕೂತಲ್ಲಿಂದಲೇ. "ವೋಟು ಗೀಟು ಏನೂ ಬ್ಯಾಡ. ಏಳ್ರಿ ಊಟಕ್ಕ!"

ಅಷ್ಟೇ, ಅವಿರೋಧ ಆಯ್ಕೆ. ಫೋಟೋಕ್ಕೆ ನಿಂತ ಹೊಸ ಅಧ್ಯಕ್ಷರು ಬೋಳುತಲೆ ಸವರಿಕೊಂಡರು. "ಭಾಸ್ಕರರಾವ್, ಯಾರ ಕಡೆನಾದ್ರೂ ಒಂದು ಪೇಟಾ ಐತೇನ್ರಿ?"

"ನಮ್ಮ ಕಾರಲ್ಲಿದೆ ಡಾಕ್ಟ್ರೇ," ಎಂದುಬಿಟ್ಟರು ಅರುಂಧತಿ. "ರೀ, ಹೋಗಿ ತನ್ನಿ."

ತಂದರು. ಅಳತೆ ಮಾಡಿಸಿದ ಹಾಗೆ ಕೂತಿತು ಆ ಹಾಳು ಪೇಟ.

ಊಟದ ಸಾಲಿನಲ್ಲಿ ಸುರಭಿ ತಟ್ಟೆ ಹಿಡಿದು ಬಂದಳು. "ಹೋಳಿಗೆ ಅಂಕಲ್?"

ರಾಯರ ಕೈ ಅಭ್ಯಾಸಬಲದಿಂದ ತಟ್ಟೆಗೆ ಅಡ್ಡ ಹೋಯಿತು.

"ಓಕೆ ಅಂಕಲ್!" ಎಂದು ಅವಳು ಮುಂದೆ ನಡೆದೇಬಿಟ್ಟಳು.

"ಏ ಸುರಭೀ! ನಿಲ್ಲಮ್ಮ!" ತಟ್ಟೆ ಹಿಡಿದುಕೊಂಡು ರಾಯರು ಜಿಮ್ಮಿನ ಉದ್ದಕ್ಕೂ ಹಿಂದೆ ಓಡಿದರು. "ಹಾಕು. ಎರಡು ಹಾಕು."

"ಎರಡು ಹೋಳಿಗೆಗೆ ಜನ ಏನಂತಾರೋ, ಮೊದಲು ವೋಟು ಹಾಕಿಸ್ಕೊಂಡು ಬನ್ರೀ," ಎಂದು ಅರುಂಧತಿ ಅಲ್ಲಿಂದಲೇ ಕೂಗಿದರು.