ಬ್ಲೌಸ್ ಪೀಸ್ ಹುಡುಕುವವರು

“ಏ ಜರೀನಾ, ಕೆಳಗ ಕುಂತು ಮೊಟ್ಟಿ ಇಡಾಕತ್ತಿಯೇನ? ಏಳ ಮ್ಯಾಲ!”

ಗೋಡೆಯ ಮೇಲಿನ ಕ್ಯಾಮೆರಾ ಮಾತಾಡಿತು. ಸೀರೆ ಅಂಗಡಿಯ ಮಾಲೀಕ ಪ್ರೇಮಕುಮಾರ ಆಗ ಮನೆಯಲ್ಲಿ ಊಟಕ್ಕೆ ಕುಳಿತಿದ್ದ. ತಟ್ಟೆಯ ಪಕ್ಕದಲ್ಲಿ ಮೊಬೈಲು, ಮೊಬೈಲಿನಲ್ಲಿ ಅಂಗಡಿ. ಅವನು ರೊಟ್ಟಿ ಅಗಿಯುವ ಸದ್ದು ಕೂಡ ಕ್ಯಾಮೆರಾದಿಂದ ಕೇಳುತ್ತಿತ್ತು.

ಜರೀನಾ ಎದ್ದು ನಿಂತಳು. ಎದುರಿಗಿದ್ದ ಗಿರಾಕಿ ಹುಡುಗಿಯರಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

“ಬ್ಲೌಸ್ ಪೀಸ್ ಹುಡುಕಾಕತ್ತಿದ್ನಿರಿ ಸಾವಕಾರ್ರ,” ಎಂದು ಅವಳು ಗೋಡೆಗೆ ಹೇಳಿದಳು.

“ಹತ್ತು ಮಿನಿಟಿನಿಂದ ನೋಡಾಕತ್ತೇನಿ. ಯಾವ ಬಣ್ಣದ್ದ ಹುಡುಕತಿ, ಕುಂಡಿ ಬಣ್ಣದ್ದ?”

ಹುಡುಗಿಯರು ಈ ಸಲ ಕೈ ಅಡ್ಡ ಹಿಡಿಯದೆಯೇ ನಕ್ಕರು.

ಕೌಂಟರಿನ ಕೆಳಗೆ, ನೆಲಕ್ಕೆ ತಾಗಿದ ಕೊನೆಯ ಖಾನೆಯಲ್ಲಿ ಬ್ಲೌಸ್ ಪೀಸುಗಳಿರುತ್ತಿದ್ದವು. ಬಾಗಿ ತೆಗೆಯಲು ಆಗದು, ಕುಕ್ಕರುಗಾಲಲ್ಲಿ ಕೂರಲೇಬೇಕು. ಆ ಅಂಗಡಿಯ ಏಳು ಹೆಂಗಸರಿಗೆ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಕೂರಲು ಸಿಗುವ ಜಾಗವೆಂದರೆ ಅದೊಂದೇ. “ಆಕಿ ಎಲ್ಲೆ?” ಎಂದು ಯಾರಾದರೂ ಕೇಳಿದರೆ, “ಬ್ಲೌಸ್ ಪೀಸ್ ಹುಡುಕಾಕತ್ತಾಳ,” ಅಂದರೆ ಮುಗಿಯಿತು, ಉಳಿದವರು ಆ ಕಡೆ ಗಿರಾಕಿಯನ್ನು ಕಳಿಸುತ್ತಿರಲಿಲ್ಲ. ಹಳೆಯ ಕ್ಯಾಮೆರಾಗಳಿಗೆ ಆ ಮೂಲೆ ಕಾಣುತ್ತಿರಲಿಲ್ಲ. ಹೋದ ವಾರ ಬೆನ್ನ ಹಿಂದಿನ ಗೋಡೆಗೆ ಇನ್ನೊಂದು ಬಂದಿತ್ತು. ಅದು ಕಳ್ಳರನ್ನು ಹಿಡಿಯಲು ಎಂದು ಪ್ರೇಮಕುಮಾರ ಹೇಳಿದ್ದ. ಏಳು ಜನರೂ ನಂಬಿದ್ದರು.

“ಭಾಡ್ಯಾನ ಬಾಯಾಗ ಹುಳಾ ಬೀಳ,” ಎಂದಳು ಸ್ನೇಹಾ, ತುಟಿ ಅಲ್ಲಾಡಿಸದೆ, ಸೀರೆ ಮಡಚುತ್ತ. ಅವಳು ಮೇಡ್ಲೇರಿಯವಳು, ಇಪ್ಪತ್ತೆರಡು ವರ್ಷದವಳು, ಕೆಲಸಕ್ಕೆ ಬಂದು ಎಂಟು ತಿಂಗಳಾಗಿತ್ತು. ಕ್ಯಾಮೆರಾದ ಎದುರು ತುಟಿ ಅಲ್ಲಾಡಿಸದೆ ಬೈಯುವುದನ್ನು ಮೊದಲ ತಿಂಗಳಲ್ಲೇ ಕಲಿತಿದ್ದಳು. “ಜರೀನಕ್ಕ, ಕಾಲ ಹೆಂಗೈತಿ?”

“ಐತಿ,” ಎಂದಳು ಜರೀನಾ.

ಕಾಲು ಇದ್ದದ್ದೇ ತೊಂದರೆಯಾಗಿತ್ತು. ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಎರೆಹುಳುಗಳ ಹಾಗೆ ಉಬ್ಬಿ ಸುತ್ತಿಕೊಂಡಿದ್ದವು. ಪಾದದ ಗಂಟಿನ ಮೇಲೆ ಒಂದು ಕಡೆ ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಗಂಡ ಕೈಸರ ಅದನ್ನು ನೋಡಲು ಹೆದರುತ್ತಿದ್ದ. ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಬೆರಳಿನಿಂದ ಮೆಲ್ಲಗೆ ಮುಟ್ಟಿ ಹೇಳಿದ್ದಳು: “ನಿಂತು ನಿಂತು ಆಗಿದ್ದಿದು. ತಾಸಿಗೊಮ್ಮೆ ಕುಂತು ಕಾಲು ಮ್ಯಾಲ ಇಟ್ಕೋಬೇಕು. ಇಲ್ಲಂದ್ರ ಇದು ಒಡೀತದ. ಒಡದ್ರ ಗಾಬರಿ ಆಗಬ್ಯಾಡ. ಎಲ್ಲಿ ಇರತಿಯೋ ಅಲ್ಲೇ ಕುಂದ್ರು, ಕಾಲು ಎತ್ತರಕ್ಕ ಇಡು, ಒತ್ತಿ ಹಿಡಿ. ನಿಂತಿ ಅಂದ್ರ ನಳಾ ಬಿಟ್ಟಂಗ ರಕ್ತ ಹೋಗತದ, ಜೀವಕ್ಕ ಬರತದ.”

ಆ ಚೀಟಿಯನ್ನು ಹಿಡಿದುಕೊಂಡು ಜರೀನಾ ಪ್ರೇಮಕುಮಾರನ ಮುಂದೆ ನಿಂತು ಒಂದು ಸ್ಟೂಲು ಕೇಳಿದ್ದಳು. ಅವನು ಚೀಟಿ ಓದಲಿಲ್ಲ.

“ಗಿರಾಕಿ ಒಳಗ ಬಂದಾಗ ಕೆಲಸದವರು ಕುಂತಿದ್ರ ಲಕ್ಷ್ಮಿ ಬಾಗಲದಾಗಿಂದ ವಾಪಸ್ ಹೋಗತಾಳ. ನಮ್ಮಪ್ಪಗ ಇದು ತಿಳೀಲಿಲ್ಲ, ಅದಕ್ಕ ಒಂದ ಕೋಣಿ ಅಂಗಡ್ಯಾಗ ಸತ್ತ.”

ಅವನ ಅಪ್ಪ ಶಂಕ್ರಪ್ಪನ ಕಾಲದಿಂದಲೂ ಜರೀನಾ ಈ ಅಂಗಡಿಯಲ್ಲಿದ್ದಳು. ಹದಿನಾಲ್ಕು ವರ್ಷದ ಹಿಂದೆ ಇದು ರಾಣೆಬೆನ್ನೂರಿನ ಪೇಟೆಯಲ್ಲಿ ಒಂದೇ ಕೋಣೆಯ ಅಂಗಡಿ. ನೆಲದ ತುಂಬ ಬಿಳಿ ಗಾದಿ ಹಾಸಿತ್ತು. ಗಿರಾಕಿಯೂ ಅದರ ಮೇಲೆ, ಸೀರೆಯೂ ಅದರ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು ಜರೀನಾಳೂ ಅದರ ಮೇಲೆ. ಶಂಕ್ರಪ್ಪನೇನು ದೇವರಲ್ಲ, ಪಗಾರ ಕೊಡಲು ತಿಂಗಳುಗಟ್ಟಲೆ ಸತಾಯಿಸುತ್ತಿದ್ದ. ಆದರೆ ಅವನೂ ಕೂತೇ ಬೈಯುತ್ತಿದ್ದ, ಇವಳೂ ಕೂತೇ ಬೈಸಿಕೊಳ್ಳುತ್ತಿದ್ದಳು. ಅದು ಸುಖವಾಗಿತ್ತೆಂದು ಆಗ ಅವಳಿಗೆ ಅನ್ನಿಸಿಯೇ ಇರಲಿಲ್ಲ. ಕೂರುವುದನ್ನು ಸುಖವೆಂದು ಯಾರು ಎಣಿಸುತ್ತಾರೆ?

ಮಗ ಬಂದ ಮೇಲೆ ನೆಲಕ್ಕೆ ಬಿಳಿ ಟೈಲ್ಸು, ಎ.ಸಿ., ಆಳೆತ್ತರದ ಕನ್ನಡಿ. ಸೊಂಟದೆತ್ತರಕ್ಕೆ ಕೌಂಟರು, ಈಚೆ ಬದಿ ಗಿರಾಕಿಗಳಿಗೆ ಎತ್ತರದ ತಿರುಗುವ ಕುರ್ಚಿಗಳು. ಹಳೆಯ ಗಾದಿಯನ್ನು ಕತ್ತರಿಸಿ ಕೌಂಟರಿನ ಮೇಲೆ ಉದ್ದಕ್ಕೂ ಹಾಸಿದ್ದ. ದಿನವೂ ಬೆಳಿಗ್ಗೆ ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಹಣೆ ಮುಟ್ಟಿಸಿದ ಮೇಲೆಯೇ ಮೊದಲ ಸೀರೆ ಬಿಚ್ಚುವುದು. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕು. ಕೆಲಸದವರು ಇಡೀ ದಿನ ತಣ್ಣನೆಯ ಟೈಲ್ಸಿನ ಮೇಲೆ ಬರಿಗಾಲಲ್ಲಿ.

ಸಂಜೆ ನಾಲ್ಕಕ್ಕೆ ಹಾವೇರಿಯಿಂದ ಲಗ್ನದ ಜವಳಿಗೆಂದು ದೊಡ್ಡ ಗಿರಾಕಿ ಬಂತು. ಗುತ್ತಿಗೆದಾರ ವೀರೇಂದ್ರ, ಅವನ ಹೆಂಡತಿ ಸುಧಾರಾಣಿ, ತಾಯಿ ಮುದುಕವ್ವ. ಊಟ ಮುಗಿಸಿ ಅಂಗಡಿಗೆ ಮರಳಿದ್ದ ಪ್ರೇಮಕುಮಾರ ಬಾಗಿಲಿಗೇ ಓಡಿದ.

“ಬರ್ರಿ ವೀರಣ್ಣ, ಕುಂದರ್ರಿ. ಅವ್ವಾರ, ನೀವು ಇಲ್ಲಿ ಕುಂದರ್ರಿ, ಗಾಳಿ ಬರತೈತಿ. ಅಕ್ಕಾರ, ನಿಂತ್ರ್ಯಾಕ, ಕುಂದರ್ರಿ ಕುಂದರ್ರಿ!”

ಜರೀನಾ ಸೀರೆ ಬಿಚ್ಚತೊಡಗಿದಳು. ಸುಧಾರಾಣಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಗಾದಿಯ ಮೇಲೆ ರೇಷ್ಮೆ ಗುಡ್ಡೆಯಾಯಿತು. ಒಂದು ತಾಸು ಕಳೆಯಿತು. ವೀರೇಂದ್ರನಿಗೆ ಬೇಸರ ಹತ್ತಿ, ಮೊಬೈಲು ತೆಗೆದು ಒಂದು ವಿಡಿಯೋ ದೊಡ್ಡ ಸದ್ದಿನಲ್ಲಿ ಹಚ್ಚಿದ.

“ಪ್ರೇಮಣ್ಣ, ಇಲ್ಲೆ ನೋಡ್ರಿ ಒಂದ ಮಜಾ. ವಿಮಾನದಾಗ ಇನ್ನ ಮಂದೀನ ನಿಂದರಿಸಿ ಒಯ್ಯಾವರಂತ!”

“ಏನ್ ಹೇಳತೀರಿ?”

“ಖರೇ. ಎಲ್ಲೋ ಹೊರಗಿನ ದೇಶದಾಗ ವಿಚಾರ ನಡದೈತಂತ, ಇನ್ನೂ ಯಾರೂ ಒಪ್ಪಿಲ್ಲ. ಆದ್ರ ಮಂದಿ ಏನ್ ಬೈದಾರ ನೋಡ್ರಿ. ‘ನಾವೇನು ಕುರಿಗಳಾ?’ ಅಂತ ಒಬ್ಬಾಂವ. ‘ಮುಂದ ರೆಕ್ಕಿಗೆ ಜೋತ ಹಾಕ್ಕೊಂಡು ಹೋಗತಾರ’ ಅಂತ ಇನ್ನೊಬ್ಬಾಂವ. ಒಬ್ಬಾಕಿ, ‘ತುಟ್ಟಿ ಇಲ್ಲಂದ್ರ ನಾ ನಿಂತ ಹೋಗತೇನಿ’ ಅಂತ ಬರದಾಳ. ಆಕೀನ್ನ ಎಲ್ಲಾರೂ ಕೂಡಿ ಹರದ ತಿಂದಾರ.”

“ಅಯ್ಯ ಶಿವನ, ಎರಡ ತಾಸು ನಿಂದರೋದಾ?” ಎಂದಳು ಸುಧಾರಾಣಿ. “ಕಾಲ ಬಿದ್ದ ಹೋಗತಾವ. ಏ ಇಕಿನ, ಆ ಹಸರಂದ ತಗಿ. ಅದಲ್ಲ, ಮ್ಯಾಲಿಂದು. ಅದರ ಮ್ಯಾಲಿಂದು.”

ಜರೀನಾ ತುದಿಗಾಲಲ್ಲಿ ನಿಂತು ಕೈ ಚಾಚಿದಳು.

“ನಿಂದರೋದೇನ ದೊಡ್ಡದ ಬಿಡ,” ಎಂದಳು ಮುದುಕವ್ವ. ಕುರ್ಚಿ ಎತ್ತರವಾಗಿ ಅವಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. “ಕಾಗಿನೆಲಿಯಿಂದ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟ ಮುರಿಯಾಕ ಲಾರ್‍ಯಾಗ ನಿಂತ ಹೋಗತಿದ್ವಿ. ನಾ ಬಸರಿದ್ದೆ, ಇಂವ ಹೊಟ್ಟ್ಯಾಗ...”

“ಅವ್ವಾ, ನೀ ಸುಮ್ನಿರ,” ಎಂದ ವೀರೇಂದ್ರ.

“ಮಾನವೀಯತೆ ಅನ್ನೋದರ ಬ್ಯಾಡೇನ್ರಿ?” ಪ್ರೇಮಕುಮಾರ ತಲೆ ಆಡಿಸಿದ. “ನಾಕ ರೊಕ್ಕದ ಸಲುವಾಗಿ ಮನಷ್ಯಾನ್ನ ಗೂಟದಂಗ ನಿಲ್ಲಸೋದಂದ್ರ! ಕಲಿಗಾಲ.”

“ನಿಂತ್ರ ಕಾಲಾಗ ರಕ್ತ ಕೂಡತೈತಂತ್ರಿ, ಡಾಕ್ಟರ್ ಒಬ್ಬಾಂವ ಬರದಾನ,” ಎನ್ನುತ್ತ ವೀರೇಂದ್ರ ಮೊಬೈಲನ್ನು ಗಾದಿಯ ಮೇಲೆ ಇಟ್ಟ, ಎಲ್ಲರಿಗೂ ಕಾಣುವಂತೆ.

ಹಸಿರು ಸೀರೆ ಹಿಡಿದುಕೊಂಡು ಜರೀನಾಳೂ ನೋಡಿದಳು. ಸಾಲಾಗಿ ಸೀಟುಗಳು. ಸೈಕಲ್ಲಿನ ಸೀಟಿನಂಥದ್ದು, ಸ್ವಲ್ಪ ಅಗಲ. ಬೆನ್ನಿಗೆ ಒಂದು ಮೆತ್ತೆ. ಜನ ಅದರ ಮೇಲೆ ಕುಂಡೆ ಊರಿ, ಕಾಲು ಸಡಿಲ ಬಿಟ್ಟಿದ್ದರು. ಎಲ್ಲರೂ ಅವರನ್ನು ನಿಂತವರು, ನಿಂತವರು ಎನ್ನುತ್ತಿದ್ದರು. ಜರೀನಾಳ ಕಣ್ಣಿಗೆ ಅವರು ಕುಳಿತವರ ಹಾಗೆಯೇ ಕಂಡರು. ಮೈಯ ಭಾರವನ್ನು ಕಾಲಿನಿಂದ ಇಳಿಸಿ ಬೇರೆ ಯಾವುದೋ ಒಂದರ ಮೇಲೆ ಇಟ್ಟವರು. ಇಡಬಹುದು ಎಂದು ಯಾರೋ ಒಪ್ಪಿಕೊಂಡವರು. ಅವಳ ಎದೆಯಲ್ಲಿ ಆಸೆಯೊಂದು ಎಷ್ಟು ಜೋರಾಗಿ ಎದ್ದಿತೆಂದರೆ, ಹಸಿದವಳ ಮೂಗಿಗೆ ಒಗ್ಗರಣೆ ಬಡಿದ ಹಾಗಾಯಿತು. ಯಾರ ಮುಂದೆ ನಿಂತಿದ್ದೇನೆಂಬುದು ಮರೆಯಿತು.

“ಅಣ್ಣಾರ, ಅದು ಎಲ್ಲೆ ಸಿಗತೈತ್ರಿ?”

“ಯಾವುದು?”

“ಆ ಸೀಟ್ರಿ.”

ವೀರೇಂದ್ರ ಹೊಟ್ಟೆ ಕುಣಿಸಿ ನಕ್ಕ. “ಯಾಕವಾ, ದುಬೈಕ್ಕ ಹೊಂಟೀಯೇನ?”

“ಇಲ್ರಿ. ಇಲ್ಲೆ ಕೌಂಟರ್ ಹಿಂದ ಹಾಕ್ಕೊಳ್ಳಾಕ್ರಿ. ಏಳು ಸಿಕ್ರ ಭಾಳ ಚಲೋ.”

ನಗು ನಿಂತಿತು. ಸ್ನೇಹಾ ಮಡಚುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು. ಸುಧಾರಾಣಿ ಮೊದಲ ಸಲ ಜರೀನಾಳ ಮುಖ ನೋಡಿದಳು, ನಂತರ ತಾನು ಕುಳಿತ ಕುರ್ಚಿಯನ್ನು, ನಂತರ ಬೇಗನೆ ಸೀರೆಯ ಅಂಚನ್ನು.

ಪ್ರೇಮಕುಮಾರ ಹಲ್ಲು ಬಿಟ್ಟುಕೊಂಡೇ ಕೌಂಟರಿನ ಹಿಂದೆ ಬಂದ. ಅವಳ ಕಿವಿಯ ಹತ್ತಿರ ಬಗ್ಗಿದ. “ರಂಡಿ, ಗಿರಾಕಿ ಮುಂದ ಮಾನ ಕಳೀತಿಯೇನ? ಈ ಗಿರಾಕಿ ಹೋಗಲಿ, ನಾಳಿಂದ ಮನ್ಯಾಗ ಕುಂತಬಿಡ. ಸಾಯೂಮಟ ಕುಂದ್ರ.” ಆಮೇಲೆ ಗಟ್ಟಿಯಾಗಿ, “ಅಕ್ಕಾರ ಮೈಮ್ಯಾಲ ಹಾಕಿ ತೋರ್ಸವಾ, ಕನ್ನಡ್ಯಾಗ ನೋಡ್ಲಿ!” ಎಂದ.

ನಾಳೆಯಿಂದ. ಮಗಳ ನರ್ಸಿಂಗ್ ಕಾಲೇಜು ಇನ್ನೂ ಎರಡು ವರ್ಷ ಇತ್ತು. ಜರೀನಾ ಹಸಿರು ಸೀರೆ ಎತ್ತಿಕೊಂಡು ಕೌಂಟರನ್ನು ಬಳಸಿ ಈಚೆ ಬಂದಳು. ತಪ್ಪಾಯಿತು ಎಂದು ಹೇಳಬೇಕೆಂದು ಮಾತು ಜೋಡಿಸುತ್ತಿದ್ದಳು. ತಿರುವಿನಲ್ಲಿ ಕೌಂಟರಿನ ಸ್ಟೀಲು ಪಟ್ಟಿ ಎಡಗಾಲಿಗೆ ತಾಗಿತು. ನೋಯಲಿಲ್ಲ. ಯಾರೋ ಬೆಚ್ಚನೆಯ ಚಹಾ ಚೆಲ್ಲಿದರೆನ್ನಿಸಿತು, ಅಷ್ಟೇ. ಸುಧಾರಾಣಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಭುಜದ ಮೇಲೆ ಸೆರಗು ಹಾಕಿ, ನೆರಿಗೆ ಹಿಡಿದಳು.

ಕನ್ನಡಿಯಲ್ಲಿ ಸುಧಾರಾಣಿ ಸೀರೆ ನೋಡಲಿಲ್ಲ. ಬಿಳಿ ಟೈಲ್ಸಿನ ಮೇಲೆ ಕೌಂಟರಿನಿಂದ ತನ್ನವರೆಗೆ ಬಂದ ಕೆಂಪು ಹೆಜ್ಜೆಗಳನ್ನು ನೋಡಿದಳು. ಒಂದು ಬಿಟ್ಟು ಒಂದು ಕೆಂಪು.

“ಅಯ್ಯಯ್ಯ! ಏನಿದು ಹೊಲಸು!”

ಅವಳು ಸೀರೆ ಕಿತ್ತೆಸೆದು ಹಿಂದೆ ಹಾರಿದಳು. ವೀರೇಂದ್ರ ಎದ್ದ. ಕೌಂಟರಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದ ಬೇರೆ ಗಿರಾಕಿಗಳು ತಮ್ಮ ಬಟ್ಟೆ ಎತ್ತಿ ಹಿಡಿದು ಎದ್ದರು. ಕುರ್ಚಿಗಳು ಬರಿದಾಗಿ ತಿರುಗಿದವು.

“ಥೂ!” ಪ್ರೇಮಕುಮಾರನ ಮುಖ ಕಪ್ಪಿಟ್ಟಿತು. “ಆ ದಿನದಾಗ ಮನ್ಯಾಗ ಇರಾಕ ಏನ್ ಧಾಡಿ ನಿನಗ? ಪೂಜಿ ಮಾಡೋ ಗಾದಿ ಮುಟ್ಟೀಯಲ್ಲ! ನಡಿ ಹೊರಗ, ಹಿತ್ತಲ ಬಾಗಲದಿಂದ ನಡಿ!”

ಜರೀನಾ ತಾನುಟ್ಟ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಗಂಡಸರ ಮುಂದೆ ಅಷ್ಟೆತ್ತರಕ್ಕೆ ಅವಳು ಎಂದೂ ಎತ್ತಿದವಳಲ್ಲ. ಪಾದದ ಗಂಟಿನ ಮೇಲಿನಿಂದ ರಕ್ತ ಸಣ್ಣ ದಾರದ ಹಾಗೆ, ನಿಲ್ಲದೆ, ಚಿಮ್ಮುತ್ತಿತ್ತು.

“ಕಾಲಂದ್ರಿ,” ಎಂದಳು. “ನೀವು ಓದಲಿಲ್ಲಲ್ಲ, ಆ ಚೀಟ್ಯಾಗಿಂದು.”

“ಯಾವುದರ ಆಗಲಿ, ಮೊದಲ ಹೊರಗ ನಡಿ! ಆಟೋ ಕರಸ್ತೇನಿ, ರಸ್ತೇಕ್ಕ ಹೋಗಿ ನಿಂದ್ರ!”

ನಿಂದ್ರ.

ಕಣ್ಣು ಕತ್ತಲಿಡುತ್ತಿತ್ತು. ಡಾಕ್ಟರಮ್ಮನ ಮಾತು ಬಿಟ್ಟು ಬೇರೆ ಯಾವುದೂ ಅವಳ ತಲೆಯಲ್ಲಿರಲಿಲ್ಲ. ಎಲ್ಲಿ ಇರತಿಯೋ ಅಲ್ಲೇ. ಎರಡು ಹೆಜ್ಜೆ ಇಟ್ಟಳು. ಸುಧಾರಾಣಿಯ ಕುರ್ಚಿ ಹಿಡಿದು, ಹಿಂದಕ್ಕೆ ಒರಗಿ ಕುಳಿತಳು. ಅದು ಇನ್ನೂ ಬೆಚ್ಚಗಿತ್ತು. ಎರಡೂ ಕೈಯಿಂದ ಎಡಗಾಲನ್ನು ಎತ್ತಿ, ರೇಷ್ಮೆಯ ಗುಡ್ಡೆಯನ್ನು ಹಿಮ್ಮಡಿಯಿಂದ ಸರಿಸಿ, ಗಾದಿಯ ಮೇಲೆ ಇಟ್ಟಳು. ಬೆಳಗಿನ ಕುಂಕುಮದ ಪಕ್ಕದಲ್ಲಿ.

“ಏ! ಗಾದಿ ಮ್ಯಾಲ ಕಾಲ! ಇಳಸ! ಇಳಸಲೇ!” ಅವನು ಕೈ ಮುಂದೆ ಮಾಡಿದ, ರಕ್ತ ಕಂಡು ಹಿಂದೆ ತೆಗೆದ.

“ಇಳಸಂಗಿಲ್ಲ.”

“ಕಾಲ ಹಂಗ ಎತ್ತ ಹಿಡದಿರವ್ವಾ, ಇಳಸಬ್ಯಾಡ,” ಎಂದಳು ಮುದುಕವ್ವ. ಅವಳೂ ಕುರ್ಚಿಯಿಂದ ಜಾರಿ ಇಳಿದು ಕೋಲೂರಿ ನಿಂತಿದ್ದಳು.

“ಅವ್ವಾ, ನೀ ಸುಮ್ನಿರ!”

ಕೌಂಟರಿನ ಆಚೆ ಸ್ನೇಹಾ ಕೆಳಗೆ ಕುಕ್ಕರಿಸಿದ್ದಳು. ಕೊನೆಯ ಖಾನೆಯಿಂದ ಬ್ಲೌಸ್ ಪೀಸುಗಳನ್ನು ಎಳೆದೆಳೆದು ಹಾಕುತ್ತಿದ್ದಳು. ಹೊಸ ಕ್ಯಾಮೆರಾ ಅವಳ ಬೆನ್ನನ್ನು ನೋಡುತ್ತಿತ್ತು. ಎದ್ದಳು, ಹಲ್ಲಿನಿಂದ ಪ್ಲಾಸ್ಟಿಕ್ಕು ಹರಿದಳು, ಕೆಂಪನೆಯದೊಂದನ್ನು ಮಡಚಿ ಗಾಯದ ಮೇಲೆ ಇಟ್ಟು ಎರಡೂ ಅಂಗೈಯಿಂದ ಒತ್ತಿದಳು.

“ಅದು ಬಿಲ್ ಆಗಿಲ್ಲ!” ಎಂದ ಪ್ರೇಮಕುಮಾರ.

ಕೆಂಪು ಬಟ್ಟೆ ತೊಯ್ದು ಕಪ್ಪಾಯಿತು. ಸ್ನೇಹಾ ಅದರ ಮೇಲೆ ಇನ್ನೊಂದನ್ನು ಇಟ್ಟಳು. ಗಾದಿಯಲ್ಲಿ ಇಳಿದ ರಕ್ತ ಮೆಲ್ಲಗೆ ಕುಂಕುಮದ ಕಡೆಗೆ ಹರಡುತ್ತಿತ್ತು. ಮರೆತ ಮೊಬೈಲಿನಲ್ಲಿ ವಿಮಾನದ ಜನ ಇನ್ನೂ ಸೀಟಿಗೆ ಒರಗಿ ನಿಂತು ನಗುತ್ತಿದ್ದರು.

“ಸಾವಕಾರ್ರ,” ಎಂದಳು ಜರೀನಾ. “ಆಟೋ ಒಳಗ ಬರಂಗಿಲ್ಲ. ಯಾರರ ಎತ್ತಿ ಒಯ್ಯೂಮಟ ನಾ ಏಳಂಗಿಲ್ಲ.”

ಅವನು ಗಿರಾಕಿಗಳ ಮುಖ ನೋಡಿದ. ಗಿರಾಕಿಗಳು ನೆಲ ನೋಡಿದರು. ಕನ್ನಡಿಯಲ್ಲಿ ಇಡೀ ಅಂಗಡಿ ಕಾಣುತ್ತಿತ್ತು: ವೀರೇಂದ್ರ ನಿಂತಿದ್ದ, ಸುಧಾರಾಣಿ ನಿಂತಿದ್ದಳು, ಪ್ರೇಮಕುಮಾರ ನಿಂತಿದ್ದ. ಬೇರೆ ಗಿರಾಕಿಗಳು ಗೋಡೆಗೆ ಒತ್ತಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ನಿಂತಿದ್ದರು.